ಓದುವಾಗ ಎಲ್ಲ ಗೊತ್ತು ಅನಿಸುತ್ತದೆ, ಪರೀಕ್ಷೆಯಲ್ಲಿ ಒಂದೂ ಬರಲ್ಲ: ಡಿಗ್ರಿಯವರು ಹೇಗೆ ಓದಬೇಕು?

ಚಿಂಚೋಳಿ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದೇನೆ. ಬಾಟನಿ, ಕೆಮಿಸ್ಟ್ರಿ. ಹತ್ತನೇ ಕ್ಲಾಸ್ ತನಕ ಊರಲ್ಲೇ ಕನ್ನಡ ಮೀಡಿಯಂ. ಈಗ ಹಾಸ್ಟೆಲ್‌ನಲ್ಲಿದ್ದೇನೆ.

ಓದುವುದಕ್ಕೆ ನನಗೆ ಬೇಜಾರಿಲ್ಲ. ನೋಟ್ಸ್ ಮೊದಲಿಂದ ಕೊನೆ ತನಕ ಓದುತ್ತೇನೆ, ಮತ್ತೆ ಓದುತ್ತೇನೆ. ಮುಖ್ಯ ಅನಿಸಿದ್ದಕ್ಕೆ ಹಳದಿ ಹೈಲೈಟರ್ ಹಾಕುತ್ತೇನೆ. ಆಗ ಎಲ್ಲ ಗೊತ್ತಿದೆ ಅನಿಸುತ್ತದೆ. ಪರೀಕ್ಷೆಯಲ್ಲಿ ಪ್ರಶ್ನೆ ನೋಡಿದ ಕೂಡಲೇ ಆ ಪುಟ ಕಣ್ಣ ಮುಂದೆ ಬರುತ್ತದೆ. ಎಡಗಡೆ ಚಿತ್ರ ಇತ್ತು, ಅದರ ಕೆಳಗೆ ಹಳದಿ ಗೆರೆ ಇತ್ತು, ಅಷ್ಟೂ ನೆನಪಿರುತ್ತದೆ. ಆ ಗೆರೆಯ ಮೇಲೆ ಏನು ಬರೆದಿತ್ತು ಅನ್ನೋದು ಮಾತ್ರ ಬರಲ್ಲ.

ನಮ್ಮ ಮನೆಯಲ್ಲಿ ಡಿಗ್ರಿಗೆ ಬಂದವಳು ನಾನೇ ಮೊದಲು. ಅಪ್ಪ ತೊಗರಿ ಮಾರಿದ ದುಡ್ಡಿನಲ್ಲಿ ಫೀಸ್ ಕಟ್ಟಿದ್ದಾರೆ. ಹೇಗೆ ಓದಬೇಕು ಅಂತ ಮನೆಯಲ್ಲಿ ಕೇಳೋಣ ಅಂದರೆ ಹೇಳುವವರಿಲ್ಲ. ಗೊತ್ತಿದ್ದವರು ದಯವಿಟ್ಟು ಹೇಳಿ.

ಜೇವರ್ಗಿ ರಸ್ತೆ

ತಂಗೆವ್ವ, ಮುಂಜಾನೆ 4ಕ್ಕೆ ಏಳಬೇಕು. ಆ ಹೊತ್ತಿನಲ್ಲಿ ಓದಿದ್ದು ಮರೆಯಲ್ಲ. ದಿನಕ್ಕೆ ಕನಿಷ್ಠ 10 ತಾಸು ಕೂತರೆ ಯಾವ ಪರೀಕ್ಷೆಯೂ ಕಷ್ಟ ಅಲ್ಲ. ನಾವೆಲ್ಲ ಹಾಗೇ ಓದಿ ಬಂದವರು.

ಬಾಟನಿ ಮೇಡಂ, ಆಳಂದ

ಅವ್ವಾ, ನಿನ್ನ ಬರಹ ಓದಿ ಸುಮ್ನೆ ಹೋಗಲು ಆಗಲಿಲ್ಲ. ನಾನು ಡಿಗ್ರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಪ್ರತಿ ಸೆಮಿಸ್ಟರ್‌ನಲ್ಲೂ ನಿನ್ನಂಥ ಮಕ್ಕಳನ್ನು ನೋಡುತ್ತೇನೆ. ಕಷ್ಟಪಟ್ಟು ಓದುತ್ತಾರೆ, ಉತ್ತರ ಪತ್ರಿಕೆಯಲ್ಲಿ ಅದು ಕಾಣಲ್ಲ. ತಪ್ಪು ನಿನ್ನ ಬುದ್ಧಿಯದ್ದಲ್ಲ. ಹೇಗೆ ಓದಬೇಕು ಅಂತ ನಮ್ಮ ಮಕ್ಕಳಿಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿಲ್ಲ.

ಪುಟ ಕಣ್ಣ ಮುಂದೆ ಬರುತ್ತದೆ, ವಿಷಯ ಬರಲ್ಲ ಅಂದೆಯಲ್ಲ, ಇಡೀ ಸಮಸ್ಯೆ ಅಲ್ಲೇ ಇದೆ. ಬಸ್ ಸ್ಟ್ಯಾಂಡಿನಲ್ಲಿ ಯಾರೋ ಎದುರಾಗುತ್ತಾರೆ, ಮುಖದ ಗುರುತು ಸಿಗುತ್ತದೆ, ಹೆಸರು ಮಾತ್ರ ಬಾಯಿಗೆ ಬರಲ್ಲ. ಮತ್ತೆ ಮತ್ತೆ ಓದಿದಾಗ ಆಗುವುದೂ ಅಷ್ಟೇ. ಎರಡನೇ ಸಲ ಓದುವಾಗ ಸಾಲುಗಳು ಪರಿಚಯವಾಗಿರುತ್ತವೆ, ಕಣ್ಣು ಸರಾಗವಾಗಿ ಓಡುತ್ತದೆ. ಆ ಸರಾಗವನ್ನೇ ನಾವು ಕಲಿತೆವು ಅಂದುಕೊಳ್ಳುತ್ತೇವೆ. ಪರೀಕ್ಷೆಯಲ್ಲಿ ಯಾರೂ ಪುಟ ತೋರಿಸಿ ಗುರುತು ಹಿಡಿ ಅನ್ನಲ್ಲ. ಖಾಲಿ ಹಾಳೆ ಕೊಟ್ಟು ಬರಿ ಅನ್ನುತ್ತಾರೆ. ಖಾಲಿ ಹಾಳೆಯ ಮೇಲೆ ಬರೆಯುವುದನ್ನೇ ನಾವು ಮನೆಯಲ್ಲಿ ಅಭ್ಯಾಸ ಮಾಡಿರಲ್ಲ.

2006ರಲ್ಲಿ ಅಮೆರಿಕದಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನೋವಿಜ್ಞಾನಿಗಳು ಕಾಲೇಜು ಹುಡುಗರನ್ನೇ ಕೂರಿಸಿ ಇದನ್ನು ಪರೀಕ್ಷಿಸಿದರು. ಒಂದು ಗುಂಪಿಗೆ ಒಂದು ಪಾಠವನ್ನು ನಾಲ್ಕು ಸುತ್ತು ಓದಲು ಕೊಟ್ಟರು. ಇನ್ನೊಂದು ಗುಂಪು ಒಂದು ಸುತ್ತು ಓದಿ, ಉಳಿದ ಮೂರು ಸುತ್ತು ನೋಡದೆ ನೆನಪಿದ್ದಷ್ಟು ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಓದಿದ ಗುಂಪೇ ಮುಂದೆ: ಅವರಿಗೆ ಶೇ. 83 ನೆನಪಿತ್ತು, ಬರೆದವರಿಗೆ ಶೇ. 71. ಒಂದು ವಾರ ಬಿಟ್ಟು ಕೇಳಿದರೆ ಲೆಕ್ಕ ತಿರುಗಿತ್ತು. ಬರೆದವರಿಗೆ ಶೇ. 61 ಉಳಿದಿತ್ತು, ನಾಲ್ಕು ಸುತ್ತು ಓದಿದವರಿಗೆ ಶೇ. 40. ಪರೀಕ್ಷೆ ಹಿಂದಿನ ರಾತ್ರಿ ಓದಿದವನಿಗೆ ಆ ಹೊತ್ತಿಗೆ ಧೈರ್ಯ ಬರುವುದೂ, ಮುಂದಿನ ಸೆಮಿಸ್ಟರ್‌ಗೆ ಏನೂ ಉಳಿಯದೆ ಇರುವುದೂ ಇದೇ ಕಾರಣಕ್ಕೆ.

2013ರಲ್ಲಿ ಡನ್ಲೋಸ್ಕಿ ಮತ್ತು ಜೊತೆಗಾರರು ಓದುವ ಹತ್ತು ವಿಧಾನಗಳ ಮೇಲೆ ಆಗಿದ್ದ ಸಂಶೋಧನೆಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ಹೈಲೈಟರ್, ಮತ್ತೆ ಮತ್ತೆ ಓದುವುದು, ಸಾರಾಂಶ ಬರೆಯುವುದು ಕೆಳಗಿನ ಸಾಲಿಗೆ ಬಂದವು. ಮೇಲೆ ನಿಂತಿದ್ದು ಎರಡೇ: ತನಗೆ ತಾನೇ ಪರೀಕ್ಷೆ ಕೊಟ್ಟುಕೊಳ್ಳುವುದು, ಓದನ್ನು ದಿನಗಳ ಮೇಲೆ ಹಂಚಿಕೊಳ್ಳುವುದು.

ಈಗ ನಿನ್ನ ಪಾಠಕ್ಕೇ ಬರೋಣ. ಸಿ-4 ಸಸ್ಯಗಳ ಪಾಠ ಆಗಿರಬೇಕು ನಿನಗೆ, ಅಂದರೆ ಇಂಗಾಲದ ಡೈ ಆಕ್ಸೈಡ್ ಹಿಡಿದು ಮೊದಲು ನಾಲ್ಕು ಇಂಗಾಲದ ವಸ್ತು ಮಾಡಿಕೊಳ್ಳುವ ಗಿಡಗಳದ್ದು. ಒಂದು ಸಲ ನಿಧಾನವಾಗಿ ಓದು. ನೋಟ್ಸ್ ಮುಚ್ಚಿಡು. ಬಿಳಿ ಹಾಳೆ ತಗೋ. ಚಿತ್ರ ಬರಿ: ಎಲೆಯ ಮೀಸೋಫಿಲ್ ಕೋಶ ಒಂದು ಕಡೆ, ಅದರ ಒಳಗೆ ನರದ ಸುತ್ತ ಇರುವ ಬಂಡಲ್ ಶೀತ್ ಕೋಶ ಇನ್ನೊಂದು ಕಡೆ. ಇಂಗಾಲದ ಡೈ ಆಕ್ಸೈಡನ್ನು ಮೊದಲು ಹಿಡಿಯುವ ಕಿಣ್ವ ಯಾವುದು? ಪೆಪ್ ಕಾರ್ಬಾಕ್ಸಿಲೇಸ್. ಮೊದಲು ಆಗುವ ವಸ್ತು? ನಾಲ್ಕು ಇಂಗಾಲದ ಆಕ್ಸಾಲೋ ಅಸಿಟೇಟ್. ಅದು ಏನಾಗಿ ಒಳಗಿನ ಕೋಶಕ್ಕೆ ಹೋಗುತ್ತದೆ? ಇಲ್ಲಿ ಪೆನ್ನು ನಿಂತಿತು ಅಂದುಕೋ. ತಕ್ಷಣ ನೋಟ್ಸ್ ತೆಗೆಯಬೇಡ. ಒಂದೆರಡು ನಿಮಿಷ ತಡಕಾಡು. ಬರಲೇ ಇಲ್ಲವಾ, ಅಲ್ಲೊಂದು ಪ್ರಶ್ನೆ ಚಿಹ್ನೆ ಹಾಕಿ ಮುಂದಕ್ಕೆ ಹೋಗು. ಪೂರ್ತಿ ಆದಮೇಲೆ ನೋಟ್ಸ್ ತೆಗೆದು ಕೆಂಪು ಪೆನ್ನಿನಲ್ಲಿ ತುಂಬು: ಮ್ಯಾಲೇಟ್. ನಾಳೆ ನೀನು ಓದಬೇಕಾದ್ದು ಆ ಕೆಂಪು ಪೆನ್ನಿನ ಜಾಗಗಳನ್ನು ಮಾತ್ರ. ಇಡೀ ಪಾಠವನ್ನಲ್ಲ.

ಅಲ್ಲಿಗೇ ಬಿಡಬೇಡ, "ಯಾಕೆ" ಅಂತ ಕೇಳು. ನಿಮ್ಮ ಹೊಲದಲ್ಲೇ ಉತ್ತರ ಇದೆ. ಜೋಳ ಸಿ-4, ತೊಗರಿ ಸಿ-3, ಅಂದರೆ ಅದರಲ್ಲಿ ಮೊದಲು ಆಗುವ ವಸ್ತು ಮೂರು ಇಂಗಾಲದ್ದು. ಬಿಸಿಲು ಏರಿದಾಗ ಸಿ-3 ಗಿಡದ ರುಬಿಸ್ಕೋ ಕಿಣ್ವ ಇಂಗಾಲದ ಡೈ ಆಕ್ಸೈಡ್ ಬದಲು ಆಮ್ಲಜನಕ ಹಿಡಿಯುವುದು ಜಾಸ್ತಿಯಾಗುತ್ತದೆ, ಮಾಡಿದ ಕೆಲಸ ವ್ಯರ್ಥವಾಗುತ್ತದೆ. ಅದೇ ಫೋಟೋರೆಸ್ಪಿರೇಶನ್. ಜೋಳ ಒಳಗಿನ ಕೋಶದಲ್ಲಿ ಇಂಗಾಲದ ಡೈ ಆಕ್ಸೈಡನ್ನು ದಟ್ಟವಾಗಿ ತುಂಬಿಕೊಂಡು ಆ ನಷ್ಟ ತಪ್ಪಿಸಿಕೊಳ್ಳುತ್ತದೆ. ಬೀದರ ಕಡೆಯ ಕಬ್ಬೂ ಸಿ-4. ಹಾಗಾದರೆ ಸಿ-3 ಆದ ತೊಗರಿ ನಮ್ಮ ಬಿಸಿಲಿನಲ್ಲಿ, ಮಳೆ ಕೈಕೊಟ್ಟಾಗಲೂ ಹೇಗೆ ನಿಲ್ಲುತ್ತದೆ? ಅದರ ತಾಯಿಬೇರು ಆಳಕ್ಕೆ ಇಳಿದು ತೇವ ಹುಡುಕುತ್ತದೆ. ಈ ಪ್ರಶ್ನೆಯನ್ನು ನೀನೇ ಕೇಳಿಕೊಂಡು ನೀನೇ ಉತ್ತರ ಹುಡುಕಿದರೆ ಆ ಪಾಠ ನಿನ್ನನ್ನು ಬಿಟ್ಟು ಹೋಗಲ್ಲ.

ಯಾವಾಗ ಮತ್ತೆ ಬರೆಯಬೇಕು ಅನ್ನೋದೂ ಮುಖ್ಯ. 1885ರಲ್ಲೇ ಜರ್ಮನಿಯ ಎಬ್ಬಿಂಗ್‌ಹೌಸ್ ತನ್ನ ಮೇಲೇ ಪ್ರಯೋಗ ಮಾಡಿ, ಮರೆವು ಮೊದಲ ದಿನವೇ ಭಾಳ ಜೋರು, ಆಮೇಲೆ ನಿಧಾನ ಅಂತ ತೋರಿಸಿದ್ದ. ಕ್ಲಾಸ್ ಆದ ದಿನ ಸಂಜೆ ಒಮ್ಮೆ ನೋಡದೆ ಬರಿ. ಎರಡು ಮೂರು ದಿನ ಬಿಟ್ಟು ಒಮ್ಮೆ. ವಾರ ಬಿಟ್ಟು ಒಮ್ಮೆ. ಆಮೇಲೆ ತಿಂಗಳಿಗೆ. ಪ್ರತಿ ಸಲವೂ ಹೊತ್ತು ಕಡಿಮೆ ಹಿಡಿಯುತ್ತದೆ. ಸ್ವಲ್ಪ ಮರೆತ ಮೇಲೆ ಕಷ್ಟಪಟ್ಟು ನೆನಪಿಸಿಕೊಂಡರೇ ಗಟ್ಟಿಯಾಗುವುದು. ಹಾಗಾಗಿ ತಡಕಾಡುವಾಗ "ನನಗೇನೂ ಬರಲ್ಲ" ಅಂತ ಅಳಬೇಡ. ಕಲಿಯುತ್ತಿರುವುದೇ ಆ ಹೊತ್ತಿನಲ್ಲಿ.

ಹೈಲೈಟರ್ ಬಿಸಾಡು ಅನ್ನಲ್ಲ. ಹಚ್ಚಿದ್ದಷ್ಟಕ್ಕೆ ಓದು ಮುಗೀತು ಅನ್ನಬೇಡ, ಅಷ್ಟೇ.

ಚೌಬಾರಾ ಮೆಕ್ಯಾನಿಕಲ್

ಮೇಡಂ ಹೇಳಿದ್ದು ಇಂಜಿನಿಯರಿಂಗ್‌ಗೂ ನೂರಕ್ಕೆ ನೂರು ಹೊಂದುತ್ತದೆ. ಲೆಕ್ಕದ ವಿಷಯಕ್ಕೆ ಒಂದು ಮಾತು ಸೇರಿಸುತ್ತೇನೆ. ನಾನು ಬೀದರದಲ್ಲಿ ಮೆಕ್ಯಾನಿಕಲ್ ಕೊನೇ ವರ್ಷ.

ನಮ್ಮಲ್ಲಿ ಎಲ್ಲರೂ ಮ್ಯಾಥ್ಸ್ ಮಾಡುವ ರೀತಿ ಒಂದೇ. ಡಿಫರೆನ್ಶಿಯಲ್ ಸಮೀಕರಣಗಳನ್ನೇ ತಗೊಳ್ಳಿ, ಅದರಲ್ಲಿ ಹಲವು ಬಗೆ. ಇವತ್ತು ಬರ್ನೌಲಿ ಸಮೀಕರಣ, ಒಂದೇ ಸಮನೆ ಹತ್ತು ಲೆಕ್ಕ. ನಾಳೆ ಎಕ್ಸಾಕ್ಟ್ ಸಮೀಕರಣ, ಹತ್ತು ಲೆಕ್ಕ. ಎರಡನೇ ಲೆಕ್ಕದಿಂದಲೇ ಕೈ ತಾನಾಗಿ ಓಡುತ್ತದೆ. ಆದರೆ ಪರೀಕ್ಷೆಯಲ್ಲಿ "ಇದು ಬರ್ನೌಲಿ" ಅಂತ ಮೇಲೆ ಬರೆದಿರಲ್ಲ. ಬರೀ "ಬಿಡಿಸಿ" ಅಂತ ಇರುತ್ತದೆ. ಯಾವ ದಾರಿ ಹಿಡಿಯಬೇಕು ಅಂತ ಗುರುತಿಸುವುದೇ ಅರ್ಧ ಲೆಕ್ಕ, ಅದನ್ನು ನಾವು ಅಭ್ಯಾಸ ಮಾಡಿರುವುದೇ ಇಲ್ಲ.

ಅದಕ್ಕೆ ಲೆಕ್ಕಗಳನ್ನು ಕಲಸಿ ಮಾಡಬೇಕು. ನಾಲ್ಕು ಬಗೆಯಿಂದ ಎರಡೆರಡು ಲೆಕ್ಕ ಚೀಟಿಯಲ್ಲಿ ಬರೆದು ಡಬ್ಬಿಯಲ್ಲಿ ಹಾಕಿ, ಕಣ್ಣು ಮುಚ್ಚಿ ಒಂದು ತೆಗೆಯಿರಿ. ಮೊದಲು ಇದು ಯಾವ ಬಗೆ, ಯಾಕೆ ಅಂತ ಒಂದು ಸಾಲು ಬರೆದು ಆಮೇಲೆ ಬಿಡಿಸಿ. 2007ರಲ್ಲಿ ರೋರರ್ ಮತ್ತು ಟೇಲರ್ ಎಂಬುವರು ಘನಾಕೃತಿಗಳ ಗಾತ್ರದ ಲೆಕ್ಕಗಳನ್ನು ಹೀಗೆ ಮಾಡಿಸಿ ನೋಡಿದ್ದಾರೆ. ಅಭ್ಯಾಸದ ಹೊತ್ತಿನಲ್ಲಿ ಒಂದೇ ಬಗೆ ಮಾಡಿದವರೇ ಮುಂದಿದ್ದರು. ವಾರ ಬಿಟ್ಟು ಪರೀಕ್ಷೆ ಇಟ್ಟರೆ ಕಲಸಿ ಮಾಡಿದವರು ಶೇ. 63, ಒಂದೇ ಬಗೆ ಮಾಡಿದವರು ಶೇ. 20.

ಇನ್ನೊಂದು. ನಮ್ಮ ಇಂಜಿನಿಯರಿಂಗ್ ವಿಶ್ವವಿದ್ಯಾಲಯ ವಿಟಿಯು ಪತ್ರಿಕೆಯಲ್ಲಿ ಐದು ಮಾಡ್ಯೂಲ್, ಪ್ರತಿ ಮಾಡ್ಯೂಲ್‌ನಿಂದ ಒಂದು ಪೂರ್ತಿ ಪ್ರಶ್ನೆ ಬರೆಯಲೇಬೇಕು. "ಎರಡು ಮಾಡ್ಯೂಲ್ ಬಿಟ್ಟುಬಿಡೋಣ, ಪಾಸಾಗುವಷ್ಟು ಆಯ್ದ ಪ್ರಶ್ನೆಗಳ ಪಾಸಿಂಗ್ ಪ್ಯಾಕೇಜ್ ಸಾಕು" ಅಂದವರಿಗೆ ವಿಷಯ ಫೇಲಾಗಿ ಬ್ಯಾಕ್ ಉಳಿದಿದ್ದನ್ನು ಕಣ್ಣಾರೆ ನೋಡಿದ್ದೇನೆ. ಜೂನಿಯರ್‌ಗಳು ದಯವಿಟ್ಟು ಆ ದಾರಿ ಹಿಡಿಯಬೇಡಿ.

ಥಿಯರಿ ವಿಷಯ ಇದ್ದರೆ ನಾನು ಬಾಯಲ್ಲಿ ಹೇಳಿಕೊಳ್ಳುತ್ತೇನೆ. ಸಂಜೆ ಚೌಬಾರಾದಿಂದ ಗವಾನ್ ಮದರಸಾ ತನಕ ನಡೆಯುತ್ತಾ ಒಂದು ಉತ್ತರವನ್ನು ಮೊದಲಿಂದ ಕೊನೆವರೆಗೆ ಹೇಳುವುದು. ಎಲ್ಲಿ ತಡೆಯಿತೋ ರೂಮಿಗೆ ಬಂದು ಅದನ್ನಷ್ಟೇ ನೋಡುವುದು.

ಚಿಂಚೋಳಿ ಹುಡುಗಿ

ಮೇಡಂ, ಅಣ್ಣಾ, ತುಂಬಾ ಧನ್ಯವಾದ. ಸಿ-4 ಪಾಠವನ್ನೇ ಈಗ ನೋಡದೆ ಬರೆಯಲು ಕೂತೆ. ಚಿತ್ರ ಬಂತು. ಹೇಗೆ ಅಂತ ಕನ್ನಡದಲ್ಲಿ ಹೇಳಲಿಕ್ಕೂ ಬರುತ್ತದೆ. ಇಂಗ್ಲಿಷಿನಲ್ಲಿ ಬರೆಯಲು ಹೋದರೆ ಮೊದಲ ಸಾಲಿಗೇ ನಿಂತುಬಿಡುತ್ತದೆ. ನೋಟ್ಸ್‌ನಲ್ಲಿದ್ದ ಸಾಲೇ ಹಾಗೇ ನೆನಪಾದರೆ ಬರೆಯುತ್ತೇನೆ, ಒಂದು ಪದ ಮರೆತರೆ ಇಡೀ ಉತ್ತರ ಹೋಗುತ್ತದೆ. ಇದಕ್ಕೇನು ಮಾಡಲಿ?

ಬಾಟನಿ ಮೇಡಂ, ಆಳಂದ

ಇದು ನಮ್ಮ ಕಲಬುರಗಿ, ಬೀದರ, ಯಾದಗಿರಿ ಮೂರೂ ಜಿಲ್ಲೆಯ ಎಷ್ಟೋ ಮಕ್ಕಳ ಕಥೆ. ಕನ್ನಡ ಮೀಡಿಯಂ, ಉರ್ದು ಮೀಡಿಯಂ, ಎಲ್ಲಿಂದ ಬಂದವರಿಗೂ ಇದೇ ತೊಡಕು. ಇದನ್ನು ನಾನು ಬೇರೆಯಾಗಿಯೇ ಹೇಳಬೇಕು.

ಕನ್ನಡದಲ್ಲಿ ಹೇಳಲು ಬಂತು ಅಂದೆಯಲ್ಲ, ದೊಡ್ಡ ಕೆಲಸ ಮುಗಿದಿದೆ. ವಿಷಯ ನಿನ್ನದಾಗಿದೆ. ಉಳಿದಿದ್ದು ಭಾಷೆ, ಅದನ್ನು ಬೇರೆಯಾಗಿ ಅಭ್ಯಾಸ ಮಾಡಬಹುದು. ವಿಷಯ, ಭಾಷೆ ಎರಡನ್ನೂ ಒಂದೇ ಏಟಿಗೆ ಹೊರಲು ಹೋದಾಗಲೇ ಬಾಯಿಪಾಠಕ್ಕೆ ಬೀಳುವುದು.

ಮೊದಲು ಕನ್ನಡದಲ್ಲೇ ಬರಿ, ಶಾಸ್ತ್ರದ ಪದಗಳನ್ನು ಮಾತ್ರ ಇಂಗ್ಲಿಷಿನಲ್ಲೇ ಇಡು. "ಮೀಸೋಫಿಲ್‌ನಲ್ಲಿ ಮೊದಲು ಆಕ್ಸಾಲೋ ಅಸಿಟೇಟ್ ಆಗುತ್ತದೆ" ಅಂತ ನಾವು ಕ್ಲಾಸಿನಲ್ಲಿ ಮಾತಾಡುವ ಹಾಗೆ. ಇದರಿಂದ ಪದಗಳು ಜಾಗಕ್ಕೆ ಕೂರುತ್ತವೆ. ಆಮೇಲೆ ಒಂದೊಂದೇ ಸಾಲನ್ನು ಚಿಕ್ಕ ಇಂಗ್ಲಿಷ್ ವಾಕ್ಯ ಮಾಡು. ಒಂದು ವಾಕ್ಯಕ್ಕೆ ಒಂದೇ ವಿಷಯ. ನೋಟ್ಸ್‌ನ ಉದ್ದ ವಾಕ್ಯದ ಆಸೆ ಬಿಡು. ಮೌಲ್ಯಮಾಪನ ಮಾಡುವಾಗ ನಾವು ಹುಡುಕುವುದು ಸರಿಯಾದ ಪದ, ಸರಿಯಾದ ಕ್ರಮ, ಹೆಸರು ಬರೆದ ಚಿತ್ರ. ಅಂಕ ಇರುವುದು ಅದಕ್ಕೆ.

ಉತ್ತರಗಳಲ್ಲಿ ಮತ್ತೆ ಮತ್ತೆ ಬರುವ ಜೋಡಣೆಗಳಿವೆ: "ಈಸ್ ಡಿಫೈನ್ಡ್ ಆ್ಯಸ್", "ಟೇಕ್ಸ್ ಪ್ಲೇಸ್ ಇನ್", "ಈಸ್ ಕನ್ವರ್ಟೆಡ್ ಇನ್‌ಟು", "ಡ್ಯೂ ಟು", "ವೇರ್ ಆ್ಯಸ್". ಇಂಥವು ಕೈಗೆ ರೂಢಿಯಾದರೆ ಸಸ್ಯಶಾಸ್ತ್ರದ ಮುಕ್ಕಾಲು ಉತ್ತರ ಬರೆಯಬಹುದು. ಆಕ್ಸಾಲೋ ಅಸಿಟೇಟ್ "ಈಸ್ ಕನ್ವರ್ಟೆಡ್ ಇನ್‌ಟು" ಮ್ಯಾಲೇಟ್. ನೋಡು, ಸಾಲು ಆಗಿಹೋಯಿತು. ನಾಳೆ ಕೆಮಿಸ್ಟ್ರಿಯಲ್ಲೂ ಇದೇ ಜೋಡಣೆ ಕೆಲಸಕ್ಕೆ ಬರುತ್ತದೆ.

ಬಸವಕಲ್ಯಾಣ ಕಾಕಾ

ನಾನು ನಿವೃತ್ತ ಶಾಲಾ ಶಿಕ್ಷಕ. ಎಲ್ಲರೂ ಬಾಯಿಪಾಠವನ್ನು ಬೈಯುವುದು ನೋಡಿ ಬರೆಯಬೇಕು ಅನಿಸಿತು. ನಮ್ಮ ಕಾಲದಲ್ಲಿ ಮಗ್ಗಿ, ವಚನ ಎಲ್ಲ ಬಾಯಿಪಾಠವೇ. ಇವತ್ತಿಗೂ ಬಸವಣ್ಣನವರ ವಚನ ನೂರಾರು ಹೇಳಬಲ್ಲೆ. ಅದು ತಪ್ಪು ವಿಧಾನ ಆಗಿದ್ದರೆ ಇಷ್ಟು ವರ್ಷ ಹೇಗೆ ಉಳಿಯಿತು?

ಬಾಟನಿ ಮೇಡಂ, ಆಳಂದ

ಕಾಕಾ, ನಿಮ್ಮ ಮಾತು ನಾನು ಹೇಳಿದ್ದಕ್ಕೆ ವಿರುದ್ಧ ಅಲ್ಲ, ಬಲ ಕೊಡುತ್ತದೆ. ನಿಮ್ಮ ಗುರುಗಳು ಪುಸ್ತಕ ನೋಡಿಕೊಂಡು ಹತ್ತು ಸಲ ಓದು ಅಂದು ಬಿಡುತ್ತಿದ್ದರಾ? ಇಲ್ಲ ಅಲ್ವಾ. ಮರುದಿನ ಎದುರಿಗೆ ನಿಲ್ಲಿಸಿ, ಕೈಯಲ್ಲಿ ಪುಸ್ತಕ ಇಲ್ಲದೆ ಒಪ್ಪಿಸಲು ಹೇಳುತ್ತಿದ್ದರು. ತಡೆದ ಕಡೆ ಒಂದು ಪದ ಎತ್ತಿಕೊಡುತ್ತಿದ್ದರು. ವಾರ ಬಿಟ್ಟು ಹಳೆಯದನ್ನೂ ಕೇಳುತ್ತಿದ್ದರು. ನೆನಪಿನಿಂದ ಎತ್ತುವುದು, ಬಿಟ್ಟು ಬಿಟ್ಟು ಎತ್ತುವುದು, ಎರಡೂ ಅದರಲ್ಲಿ ಇತ್ತು. ನಮ್ಮ ಮಕ್ಕಳು ಡಿಗ್ರಿಗೆ ಬರುವ ಹೊತ್ತಿಗೆ ಒಪ್ಪಿಸುವುದು ನಿಂತುಹೋಗಿ, ನೋಡಿಕೊಂಡು ಓದುವುದಷ್ಟೇ ಉಳಿದಿದೆ. ನನ್ನ ನೋವು ಅದು.

ವಚನ ಪದಕ್ಕೆ ಪದ ಬರಬೇಕು. ಸೂತ್ರವೂ ಬರಬೇಕು. ಆದರೆ ಸಿ-4 ಉತ್ತರ ಪದಕ್ಕೆ ಪದ ಬೇಕಿಲ್ಲ. ಅರ್ಥ ಬೇಕು, ಕ್ರಮ ಬೇಕು.

ಬಸವಕಲ್ಯಾಣ ಕಾಕಾ

ಒಪ್ಪಿದೆ ತಾಯಿ. ಮನೆಯಲ್ಲಿ ಮೊಮ್ಮಗ ಪಿಯುಸಿ ಓದುತ್ತಿದ್ದಾನೆ. ಇವತ್ತಿನಿಂದ ಸಂಜೆ ನನ್ನ ಎದುರು ಒಪ್ಪಿಸಲು ಹೇಳುತ್ತೇನೆ. ಅವನ ಫಿಸಿಕ್ಸ್ ನನಗೆ ತಿಳಿಯದಿದ್ದರೂ ತಡೆದಿದ್ದು ತಿಳಿಯುತ್ತದೆ.

ಶಹಾಪುರ ಬಸ್

ನಾನು ಯಾದಗಿರಿಯಲ್ಲಿ ಬಿ.ಕಾಂ. ಶಹಾಪುರದಿಂದ ದಿನಾ ಬಸ್ಸಿನಲ್ಲಿ ಓಡಾಟ. ಬಸ್ಸಿನಲ್ಲಿ ನೋಟ್‌ಬುಕ್ ಬಿಚ್ಚಲು ಆಗಲ್ಲ, ಅಷ್ಟು ರಶ್. ನಾನು ಮಾಡುವುದು ಇದು.

ಮನೆಯಲ್ಲಿ ಬಂದು ಬಿದ್ದಿರುವ ಹಳೇ ಲಗ್ನಪತ್ರಿಕೆಗಳು ಇರುತ್ತವಲ್ಲ, ಗಟ್ಟಿ ಕಾಗದ. ಖಾಲಿ ಇರುವ ಕಡೆ ನೋಡಿ ಬಸ್ ಪಾಸ್ ಅಳತೆಗೆ ಕತ್ತರಿಸಿ, ಎರಡೆರಡು ತುಂಡು ಬೆನ್ನಿಗೆ ಬೆನ್ನು ಅಂಟಿಸುತ್ತೇನೆ. ಒಂದು ಕಡೆ ಪ್ರಶ್ನೆ: "ಪ್ರೈವೇಟ್ ಕಂಪನಿಯಲ್ಲಿ ಹೆಚ್ಚೆಂದರೆ ಎಷ್ಟು ಸದಸ್ಯರು?" ಹಿಂದೆ: "200". "ಪಬ್ಲಿಕ್ ಕಂಪನಿಗೆ ಕನಿಷ್ಠ ಸದಸ್ಯರು, ಕನಿಷ್ಠ ನಿರ್ದೇಶಕರು?" ಹಿಂದೆ: "7, 3". 2013ರ ಕಂಪನಿ ಕಾಯ್ದೆಯಲ್ಲಿ ಇಂಥ ಅಂಕಿಗಳು ಭಾಳ ಇವೆ. ಒಂದು ಕಾರ್ಡಿಗೆ ಒಂದೇ ವಿಷಯ ಇರಬೇಕು, ಇಲ್ಲವಾದರೆ ಅರ್ಧ ಬಂದರೂ ಬಂತು ಅನಿಸಿಬಿಡುತ್ತದೆ. ಹಾಗಾಗಿ ಆ ಎರಡನೇ ಕಾರ್ಡನ್ನು ಆಮೇಲೆ ಎರಡು ಮಾಡಿದೆ.

ಮೂರು ಲಕೋಟೆ ಇಟ್ಟಿದ್ದೇನೆ. ಮೊದಲನೆಯದು ದಿನಾ ನೋಡುವುದು. ಸರಿ ಬಂದ ಕಾರ್ಡು ಎರಡನೆಯದಕ್ಕೆ, ಅದು ಎರಡು ಮೂರು ದಿನಕ್ಕೊಮ್ಮೆ. ಅಲ್ಲೂ ಸರಿ ಬಂದರೆ ಮೂರನೆಯದಕ್ಕೆ, ವಾರಕ್ಕೊಮ್ಮೆ. ಎಲ್ಲಿ ತಪ್ಪಿದರೂ ಮತ್ತೆ ಮೊದಲನೇ ಲಕೋಟೆಗೆ. ಲೈಟ್ನರ್ ಎಂಬ ಜರ್ಮನ್ ಬರಹಗಾರ 1970ರ ದಶಕದಲ್ಲಿ ಡಬ್ಬಿ ಇಟ್ಟು ಹೇಳಿಕೊಟ್ಟ ಕ್ರಮ ಇದು. ಮೊಬೈಲಿನಲ್ಲಿ ಮಾಡುವುದಾದರೆ ಆಂಕಿ ಅಂತ ಆ್ಯಪ್ ಇದೆ, ಯಾವ ಕಾರ್ಡು ಯಾವಾಗ ಅಂತ ಅದೇ ಲೆಕ್ಕ ಇಡುತ್ತದೆ. ನನಗೆ ಕಾಗದವೇ ಅನುಕೂಲ. ಮೊಬೈಲ್ ತೆಗೆದರೆ ಓದು ಅಲ್ಲಿಗೇ ನಿಲ್ಲುತ್ತದೆ.

ಹುಮನಾಬಾದ್ ಅಕ್ಕ

ಬಿ.ಎ. ಓದುತ್ತಿದ್ದೇನೆ, ಮದುವೆಯಾಗಿದೆ, ಮನೆಕೆಲಸ ಎಲ್ಲ ನನ್ನದೇ. "10 ತಾಸು ಕೂರಬೇಕು" ಅನ್ನೋದನ್ನು ಓದಿದರೆ ನಮ್ಮಂಥವರಿಗೆ ಓದೇ ಬೇಡ ಅನಿಸಿಬಿಡುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ. ನಾನು ಅಡುಗೆಗೆ ಮುಂಚೆ ಒಂದು ಪ್ರಶ್ನೆಯ ಉತ್ತರ ಓದಿಕೊಳ್ಳುತ್ತೇನೆ. ರೊಟ್ಟಿ ಬಡಿಯುವಾಗ ಅದರ ಪಾಯಿಂಟ್‌ಗಳನ್ನು ಒಂದೊಂದಾಗಿ ನೆನೆಸಿಕೊಳ್ಳುತ್ತೇನೆ. ಹಿಟ್ಟಿನ ಕೈಯಲ್ಲಿ ಪುಸ್ತಕ ಮುಟ್ಟಲು ಆಗಲ್ಲ, ಹಾಗಾಗಿ ನೆನಪಿನಿಂದಲೇ ಎಳೆಯಬೇಕು. ಎಲ್ಲರ ಊಟ ಆದಮೇಲೆ ಬಿಟ್ಟುಹೋದ ಪಾಯಿಂಟ್ ಅಷ್ಟೇ ನೋಡುತ್ತೇನೆ. ಇದು ಓದೇ, ಕಡಿಮೆ ಅಂದುಕೊಳ್ಳಬೇಡಿ ಅಕ್ಕ ತಂಗಿಯರೇ.

ವೈಟ್ ಕೋಟ್, ಯಾದಗಿರಿ

ಎಂ.ಬಿ.ಬಿ.ಎಸ್. ವಿದ್ಯಾರ್ಥಿ. ಹುಮನಾಬಾದ್ ಅಕ್ಕನವರ ಮಾತು ಮನಸ್ಸಿಗೆ ತಟ್ಟಿತು.

ಮುಂಜಾನೆ 4ರ ವಿಷಯ ಹೇಳಲೇಬೇಕು. ರಾತ್ರಿ 9:30ಕ್ಕೆ ಮಲಗುವವರು 4ಕ್ಕೆ ಎದ್ದರೆ ಛಲೋ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟುತ್ತದೆ, ಮಧ್ಯಾಹ್ನ ತಲೆ ಓಡಲ್ಲ, ಮುಂಜಾನೆಯ ತಂಪು ನಿಜಕ್ಕೂ ಬೇಕು. ಆದರೆ 12ರ ತನಕ ಎದ್ದಿದ್ದು 4ಕ್ಕೆ ಅಲಾರಾಂ ಇಟ್ಟರೆ ಓದಿದ್ದೂ ಹಾಳು. ಹಗಲು ಕಲಿತಿದ್ದನ್ನು ಮೆದುಳು ಗಟ್ಟಿ ಮಾಡಿಕೊಳ್ಳುವ ಕೆಲಸದ ದೊಡ್ಡ ಪಾಲು ನಿದ್ದೆಯಲ್ಲೇ ನಡೆಯುತ್ತದೆ. ಪರೀಕ್ಷೆ ಹಿಂದಿನ ರಾತ್ರಿ ನಿದ್ದೆಗೆಟ್ಟು ಓದುವುದನ್ನು ದಯವಿಟ್ಟು ಬಿಡಿ.

ಮೊಬೈಲನ್ನು ಸೈಲೆಂಟ್ ಮಾಡಿ ಪಕ್ಕದಲ್ಲಿ ಇಡುವುದು ಸಾಲಲ್ಲ, ಬೇರೆ ರೂಮಿನಲ್ಲಿ ಇಡಿ. 25 ನಿಮಿಷ ಓದು, 5 ನಿಮಿಷ ಬಿಡುವು, ಇಷ್ಟರಿಂದ ಶುರು ಮಾಡಿ. ಬಿಡುವಿನಲ್ಲೂ ಮೊಬೈಲ್ ಬೇಡ, ನೀರು ಕುಡಿದು ಮಾಳಿಗೆ ಮೇಲೆ ಒಂದು ಸುತ್ತು ಹಾಕಿ ಬನ್ನಿ.

ಜೇವರ್ಗಿ ರಸ್ತೆ

ನಿದ್ದೆಯ ಮಾತು ಒಪ್ಪುತ್ತೇನೆ ಡಾಕ್ಟ್ರೇ. ನಾವು 9ಕ್ಕೇ ಮಲಗುತ್ತಿದ್ದೆವು, ಅದನ್ನು ಸೇರಿಸಿ ಓದಿಕೊಳ್ಳಿ. 10 ತಾಸಿನ ಮಾತೂ ಎಲ್ಲರಿಗೂ ಹೊಂದಲ್ಲ, ಅಕ್ಕನವರು ಸರಿಯಾಗಿ ಹೇಳಿದರು.

ಚಿಂಚೋಳಿ ಹುಡುಗಿ

ಎಲ್ಲರಿಗೂ ಹೇಗೆ ಧನ್ಯವಾದ ಹೇಳಲಿ ಗೊತ್ತಾಗುತ್ತಿಲ್ಲ. ಎರಡು ಪ್ರಶ್ನೆ ಉಳಿದಿವೆ. ಹಾಸ್ಟೆಲ್‌ನಲ್ಲಿ ಗೆಳತಿಯರು ಗ್ರೂಪ್ ಸ್ಟಡಿ ಮಾಡೋಣ ಅನ್ನುತ್ತಾರೆ, ಕೂತರೆ ಮಾತಾಡಿಯೇ ಹೊತ್ತು ಹೋಗುತ್ತದೆ. ಹೋಗಬೇಕಾ ಬೇಡವಾ? ಹಳೇ ಪ್ರಶ್ನೆಪತ್ರಿಕೆ ಎಲ್ಲಿ ಸಿಗುತ್ತವೆ?

ಚೌಬಾರಾ ಮೆಕ್ಯಾನಿಕಲ್

ಗ್ರೂಪ್ ಸ್ಟಡಿಗೆ ಹೋಗು ತಂಗಿ, ಆದರೆ ಎಲ್ಲರೂ ಒಬ್ಬೊಬ್ಬರೇ ಓದಿಕೊಂಡು ಬಂದಮೇಲೆ. ಮೂರು ನಾಲ್ಕು ಜನ ಸಾಕು. ಒಬ್ಬರು ಪುಸ್ತಕ ಇಲ್ಲದೆ ಪಾಠ ಹೇಳಬೇಕು, ಉಳಿದವರು ಪುಸ್ತಕ ಹಿಡಿದು "ಯಾಕೆ, ಹೇಗೆ" ಅಂತ ಕೇಳಬೇಕು. ನಾಳೆ ಸರದಿ ಬೇರೆಯವರದ್ದು. ಯಾರೂ ಓದಿಕೊಂಡು ಬಂದಿಲ್ಲ ಅಂದರೆ ಆ ದಿನ ಕೂರಬೇಡಿ.

ಬಾಟನಿ ಮೇಡಂ, ಆಳಂದ

ಪ್ರಶ್ನೆಪತ್ರಿಕೆಗೆ ಮೊದಲು ನಿಮ್ಮ ಕಾಲೇಜಿನ ಲೈಬ್ರರಿಯಲ್ಲಿ ಕೇಳು. ಎಷ್ಟೋ ಕಾಲೇಜುಗಳಲ್ಲಿ ಹಳೆಯ ಪತ್ರಿಕೆಗಳನ್ನು ಬೈಂಡ್ ಮಾಡಿ ಇಟ್ಟಿರುತ್ತಾರೆ, ಕೇಳುವವರೇ ಕಡಿಮೆ. ಇಲ್ಲವಾದರೆ ಸೀನಿಯರ್‌ಗಳ ಹತ್ತಿರ ಇರುತ್ತವೆ. ಸಿಲೆಬಸ್ ಬದಲಾಗಿದ್ದರೆ ನಿನ್ನ ಸಿಲೆಬಸ್‌ನಲ್ಲಿ ಇರುವ ಪ್ರಶ್ನೆಗಳನ್ನಷ್ಟೇ ಆರಿಸಿಕೋ.

ಪತ್ರಿಕೆ ಸಿಕ್ಕಮೇಲೆ ಉತ್ತರ ಹುಡುಕಿ ಬರೆದಿಟ್ಟುಕೊಳ್ಳುವುದಕ್ಕೆ ಹೋಗಬೇಡ. ಗಡಿಯಾರ ಇಟ್ಟುಕೊಂಡು, ನೋಡದೆ ಬರಿ. ಪೂರ್ತಿ ಪತ್ರಿಕೆ ಈಗಲೇ ಬೇಡ. ದೊಡ್ಡ ಪ್ರಶ್ನೆ ಒಂದು, ಚಿಕ್ಕವು ಎರಡು. ಕೆಂಪು ಪೆನ್ನಿನಲ್ಲಿ ನೀನೇ ತಿದ್ದು, ಆಮೇಲೆ ಅದರ ಫೋಟೋ ಇಲ್ಲೇ ಹಾಕು. ಇಂಗ್ಲಿಷ್ ತಪ್ಪಿದ್ದರೂ ಪರವಾಗಿಲ್ಲ, ಹಾಗೇ ಹಾಕು. ಭಾನುವಾರ ನನಗೆ ಬಿಡುವು, ಸಾಲು ಸಾಲಾಗಿ ನೋಡಿ ಹೇಳುತ್ತೇನೆ. ಬೇರೆ ಮಕ್ಕಳೂ ಹಾಕಬಹುದು. ಕೆಮಿಸ್ಟ್ರಿ ಗೊತ್ತಿರುವವರು ಯಾರಾದರೂ ಇದ್ದರೆ ಇಲ್ಲಿ ಹೇಳಿ, ಆ ಉತ್ತರಗಳನ್ನು ನೀವು ನೋಡಿಕೊಟ್ಟರೆ ಉಪಕಾರ.

ವೈಟ್ ಕೋಟ್, ಯಾದಗಿರಿ

ಆರ್ಗ್ಯಾನಿಕ್ ಕೆಮಿಸ್ಟ್ರಿ, ಬಯೋಕೆಮಿಸ್ಟ್ರಿ ನಾನು ನೋಡುತ್ತೇನೆ ಮೇಡಂ.